ರೇಲ್ವೆ ಸಾಹೇಬನ ಝೂಮ್ ಲೆನ್ಸು

ಲೆನ್ಸಿನ ಉಂಗುರವನ್ನು ಇನ್ನೊಂದಿಷ್ಟು ತಿರುಗಿಸಿದಾಗ ಓಣಿಯ ತುದಿಯಲ್ಲಿದ್ದ ಮುದುಕ ಉಡಚಪ್ಪನ ಕಣ್ಣೊಳಗೇ ಬಂದು ಕೂತ. ಬೀಡಿ ಹಿಡಿದ ಬೆರಳಿನ ಉಗುರು ಕಪ್ಪಾಗಿತ್ತು. ಕೆನ್ನೆಯ ಮೇಲೆ ನೊಣವಿತ್ತು. ಮುದುಕನಿಗೆ ನೊಣದ ಅರಿವಿರಲಿಲ್ಲ. ತನ್ನನ್ನು ನೋಡುತ್ತಿರುವವನ ಅರಿವೂ ಇರಲಿಲ್ಲ.

ಉಡಚಪ್ಪ ಕ್ಯಾಮೆರಾ ಕೆಳಗಿಳಿಸಿದ. ಮುದುಕ ಮತ್ತೆ ಕಮರಿಪೇಟೆಯ ಆ ತುದಿಗೆ ಹೋಗಿ ಸಣ್ಣವನಾದ.

"ಹೆಂಗೈತ್ರಿ ಸರ?" ಬಡೇಸಾಬ ಕೇಳಿದ. ಗಡಿಯಾರ, ಕ್ಯಾಮೆರಾ ರಿಪೇರಿ ಮಾಡುವವನು. ಉಡಚಪ್ಪನ ಕ್ಯಾಮೆರಾ ಕೂಡ ಇವನ ಕೈಯಿಂದಲೇ ಬಂದದ್ದು.

"ಭಾರ ಐತಿ."

"ಭಾರ ಇರೂದರಿ. ಅಷ್ಟು ದೂರದ್ದು ಎಳಕೊಂಡು ಬರಬೇಕಲ್ಲ."

ಲೆನ್ಸು ಒಬ್ಬ ಆಂಗ್ಲೋ ಇಂಡಿಯನ್ ರೇಲ್ವೆ ಸಾಹೇಬನದು. ಕಳೆದ ತಿಂಗಳು ಅವನು ಹೆಂಡತಿ, ಪಿಯಾನೋ ಸಮೇತ ಆಸ್ಟ್ರೇಲಿಯಾಕ್ಕೆ ಹೋಗಿದ್ದ. ಇದನ್ನು ಮಾತ್ರ ಬಿಟ್ಟುಹೋಗಿದ್ದ. ಯಾಕೆ ಎಂದು ಉಡಚಪ್ಪ ಕೇಳಿದ.

ಬಡೇಸಾಬ ಲೆನ್ಸನ್ನು ಬಿಚ್ಚಿ ಬಲ್ಬಿನ ಎದುರು ಹಿಡಿದ. "ಸುಳ್ಳು ಹೇಳೂದಿಲ್ರಿ. ಒಳಗಿನ ಕಾಜಿಗೆ ಫಂಗಸ್ ಹತ್ತೈತಿ. ನೋಡ್ರಿ, ಅಂಚಿನ್ಯಾಗ."

ಗಾಜಿನ ಆಳದಲ್ಲಿ ಬೇರಿನಂಥ ಬಿಳಿ ಎಳೆಗಳು ಹಬ್ಬಿದ್ದವು. ತರಗತಿಯಲ್ಲಿ ಹುಡುಗರಿಗೆ ತೋರಿಸಬಹುದಾದಷ್ಟು ಸುಂದರವಾಗಿದ್ದವು.

"ಫೋಟೋದಾಗ ಕಾಣೂದಿಲ್ಲ. ಬ್ಯಾರೆ ಲೆನ್ಸ್ ಜೋಡಿ ಒಂದ ಪೆಟ್ಟಿಗ್ಯಾಗ ಮಾತ್ರ ಇಡಬ್ಯಾಡ್ರಿ. ಅವಕ್ಕೂ ಹತ್ತತೈತಿ."

"ಮುಟ್ಟಿದ್ರ?"

"ಮುಟ್ಟೂದು ಯಾಕ ಬೇಕ್ರಿ. ಜೋಡಿ ಇದ್ರ ಸಾಕು."

ಉಡಚಪ್ಪನಿಗೆ ನಗು ಬಂತು. ಬಡೇಸಾಬ ತನ್ನ ಕರಾರು ಹೇಳಿದ. ಮಸೀದಿಯಲ್ಲಿ ಸಂಜೆಯ ಬಾಂಗು ಆಗುವುದರೊಳಗೆ ಒಂದೋ ಲೆನ್ಸು ವಾಪಸು ಬರಬೇಕು, ಇಲ್ಲ ರೊಕ್ಕ ಬರಬೇಕು. ನಾಳೆ ಧಾರವಾಡದ ಸ್ಟುಡಿಯೋದವರು ಬರುತ್ತಾರೆ ಎಂದೂ ಹೇಳಿ, ಚರ್ಮದ ಕೇಸಿನಲ್ಲಿಟ್ಟು ಕೊಟ್ಟ.

ಬೆಂಗೇರಿಯವರೆಗೆ ಸೈಕಲ್ಲಿನಲ್ಲಿ ಬರುವಾಗ ಕೇಸು ಬೆನ್ನಿಗೆ ಬಡಿಯುತ್ತಿತ್ತು. ಬೇಕೇ, ಬೇಡವೇ. ಅವನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಹಕ್ಕಿಗಳ ಮೇಲೆ ಒಂದು ಲೇಖನ ಬರೆದು ಫೋಟೋ ಸಮೇತ ಒಂದು ಮಾಸಿಕಕ್ಕೆ ಕಳಿಸಿದ್ದ. 'ತಮ್ಮ ಚಿತ್ರದಲ್ಲಿ ಪಕ್ಷಿಯನ್ನು ಗುರುತಿಸಲು ನಮಗೆ ಸಾಧ್ಯವಾಗಲಿಲ್ಲ' ಎಂದು ಸಂಪಾದಕರು ವಿನಯದಿಂದ ಬರೆದಿದ್ದರು. ಹತ್ತಿರ ಹೋದರೆ ಹಾರಿಹೋಗುವುದು ಹಕ್ಕಿಯ ಸ್ವಭಾವ. ದೂರ ನಿಂತು ಹತ್ತಿರವಾಗುವ ಉಪಾಯ ಈ ಲೆನ್ಸಿನಲ್ಲಿತ್ತು.

ಆದರೆ ಅದಕ್ಕೆ ಹಾಕಬೇಕಾದ ರೊಕ್ಕ ಉಣಕಲ್ಲಿನ ಕಡೆ ಪ್ಲಾಟ್ ಕೊಳ್ಳಲು ಇಟ್ಟದ್ದು. ಪ್ಲಾಟ್ ಹೆಂಡತಿಯ ಹಟ. ಒಂದು ವರ್ಷ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು ತೆಗೆಯುತ್ತಿದ್ದಳು. ಎರಡು ತಿಂಗಳಿಂದ ನಿಲ್ಲಿಸಿದ್ದಳು. ನಿಲ್ಲಿಸಿದ್ದು ಅವನಿಗೆ ಹಗುರೆನಿಸಿತ್ತು. ಯಾಕೆ ನಿಲ್ಲಿಸಿದಳೆಂದು ಕೇಳಿರಲಿಲ್ಲ.

ಮನೆಯ ಮಾಲೀಕ ಮುರುಗೆಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನದು ಹತ್ತಿಯ ದಲಾಲಿ. ಮುಂದಿನ ಮನೆಯಲ್ಲಿ ಅವನು, ಅವನ ಹೆಂಡತಿ ಚನ್ನಬಸವ್ವ. ಹಿತ್ತಲಿಗೆ ಹೊಂದಿದ ಎರಡು ಕೋಣೆ ಉಡಚಪ್ಪನಿಗೆ ಬಾಡಿಗೆಗೆ.

"ಏನ್ರಿ ಮಾಸ್ತರ, ಭಾಳ ದೊಡ್ಡ ಚೀಲ."

"ಲೆನ್ಸ್ ರಿ. ಫೋಟೋ ತಗಿಯೂದು."

"ಚರ್ಮದ್ದೇನ್ರಿ?"

"ಹೂಂ."

ಮುರುಗೆಪ್ಪ ಎಲೆಯನ್ನು ಮಡಿಚಿದ. "ನಿನ್ನಿ ನಮ್ಮ ಬೀಗರು ಬಂದಿದ್ರು. ಹೆಬ್ಬಳ್ಳಿಯವರು. ನಿಮ್ಮ ಹೆಸರು ಹೇಳಿದೆ. ಗುರುತು ಹತ್ತಲಿಲ್ಲ ನೋಡ್ರಿ."

"ದೊಡ್ಡ ಊರಲ್ರಿ."

"ದೊಡ್ಡದರಿ. ಓಣಿ ಬ್ಯಾರೆ ಬ್ಯಾರೆ ಇರತಾವು."

ಎಲೆ ಬಾಯಿಗೆ ಹೋಯಿತು. ಮಾತು ಮುಗಿಯಿತು. ಉಡಚಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಎರಡು ಸಲ ಒರಗಿಸಬೇಕಾಯಿತು.

ಬಾಗಿಲ ಮೇಲೆ ಬೋರ್ಡಿತ್ತು: ಯು. ಎಚ್. ಹೆಬ್ಬಳ್ಳಿ, ಎಂ.ಎಸ್ಸಿ. ಊರಿನ ಹೆಸರು ದೊಡ್ಡದು. ಅದರ ಹಿಂದೆ ಒಬ್ಬ ಮನುಷ್ಯ ಅಡಗಬಹುದು. ಉಡಚಪ್ಪ ಎಂದು ಪೂರ್ತಿ ಬರೆದರೆ ಊರ ಹೊರಗಿನ ಓಣಿ, ಅಪ್ಪ ಹುಲಗಪ್ಪ ಹೆಗಲಿಗೆ ಹಾಕಿಕೊಂಡು ಬಾರಿಸುವ ಹಲಗೆ, ಎಲ್ಲ ಎದ್ದು ಬರುತ್ತಿದ್ದವು. ಹದಿನಾಲ್ಕು ತಿಂಗಳ ಹಿಂದೆ ಮನೆ ನೋಡಲು ಬಂದಾಗ ಮುರುಗೆಪ್ಪ "ಯಾವ ಪೈಕಿರಿ?" ಎಂದು ಕೇಳಿದ್ದ. "ಶಾಕಾಹಾರಿಗಳ್ರಿ" ಎಂದು ಉಡಚಪ್ಪ ಉತ್ತರಿಸಿದ್ದ. ಅದು ಸುಳ್ಳಾಗಿರಲಿಲ್ಲ. ಅದೇ ದಿನದಿಂದ ಅದನ್ನು ನಿಜ ಮಾಡಿಕೊಂಡಿದ್ದ. ಹೆಂಡತಿ ಸಾವಂತ್ರೆವ್ವ ಈ ಮನೆಯಲ್ಲಿ ಸಾವಿತ್ರಿಯಾಗಿದ್ದಳು. ಮದುವೆಯಲ್ಲಿ ಗೆಳೆಯರು ಕೊಟ್ಟ ಬುದ್ಧನ ಪಟ ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ ಮಲಗಿತ್ತು. ಯಾರೂ ಏನೂ ಕೇಳಿರಲಿಲ್ಲ. ತಾನು ಜಾಣನೆಂದು ಅವನು ನಂಬಿದ್ದ.

ಊಟಕ್ಕೆ ಕೂತಾಗ ಲೆನ್ಸಿನ ವಿಷಯ ತೆಗೆದ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ತಗೋಬೇಕಂತೀರೇನು?"

"ಇನ್ನೂ ನಿರ್ಣಯ ಮಾಡಿಲ್ಲ."

"ಬೇಕಾದ್ರ ತಗೋರಿ."

"ಪ್ಲಾಟು?"

"ಪ್ಲಾಟ್ ಎಲ್ಲಿ ಓಡಿ ಹೊಕ್ಕೈತಿ." ರೊಟ್ಟಿಯನ್ನು ಹಂಚಿಗೆ ಹಾಕಿ, ಅದರ ಮೇಲೆ ನೀರು ಸವರಿದಳು. "ಎಷ್ಟು ದೂರದ್ದು ಕಾಣತೈತಿ?"

"ಗಿಡದ ಮ್ಯಾಲಿನ ಹಕ್ಕಿ ಕಣ್ಣು ಕಾಣತೈತಿ."

ಅವಳು ಮೆಚ್ಚಿದಂತೆ ಕಾಣಲಿಲ್ಲ. ರೊಟ್ಟಿ ತಿರುವಿಹಾಕಿ ಕೇಳಿದಳು: "ಮತ್ತ ಎಷ್ಟೊತ್ತಿಗೆ ಹೊಕ್ಕೀರಿ?"

"ಎಲ್ಲಿಗೆ?"

"ಹಕ್ಕಿ ನೋಡಾಕ. ದಿನ್ನಿ ಕಡೆ ಹೋಗೂದಿಲ್ಲೇನು?"

ಅವಳು ತನ್ನನ್ನು ಹೊರಗೆ ಕಳಿಸುತ್ತಿದ್ದಾಳೆ ಎಂದು ಅವನಿಗೆ ಒಂದು ಕ್ಷಣ ಅನಿಸಿತು. ಆಮೇಲೆ, ಹೆಂಡತಿಗೆ ತನ್ನ ಹವ್ಯಾಸದ ಮೇಲೆ ಗೌರವ ಬಂದಿದೆ ಎಂದುಕೊಂಡ. ಎರಡನೆಯದು ಹೆಚ್ಚು ಹಿತವಾಗಿತ್ತು.

ದಿನ್ನೆ ಮನೆಯಿಂದ ನೂರು ಮಾರು ದೂರ, ಜೋಳದ ಹೊಲದಾಚೆ. ನಾಲ್ಕೈದು ಜಾಲಿಗಿಡಗಳು, ಬಿಸಿಲಿಗೆ ಸಿಡಿದ ಕಲ್ಲುಗಳು. ಒಂದು ಗಂಟೆ ಕಾದ. ಒಂದು ಹದ್ದು ಬಂದು ಒಣಕೊಂಬೆಯ ಮೇಲೆ ಕೂತಿತು. ಉಂಗುರ ತಿರುಗಿಸಿದ. ಹದ್ದಿನ ಕಣ್ಣು ಹಳದಿ ಗುಂಡಿಯಂತೆ ಉರುಳಿ ಅವನ ಮೇಲೆ ನಿಂತಿತು. ಹದ್ದು ಇವನನ್ನು ಲೆನ್ಸಿಲ್ಲದೆ ನೋಡುತ್ತಿತ್ತು. ಒಂದು ಫೋಟೋ ತೆಗೆದ. ಒಳ್ಳೆಯ ಫೋಟೋ ಎಂದು ಬೆರಳಿಗೆ ಗೊತ್ತಾಯಿತು. ಕೊಳ್ಳಬೇಕು. ಕೊಂಡೇಬಿಡಬೇಕು.

ಹದ್ದು ಹಾರಿಹೋಯಿತು. ಮಾಡಲು ಬೇರೆ ಕೆಲಸವಿಲ್ಲದೆ ಅವನು ಲೆನ್ಸನ್ನು ಮನೆಯತ್ತ ತಿರುಗಿಸಿದ.

ಮೊದಲು ಕಂಡದ್ದು ಹಿತ್ತಲಿನ ಬೇವಿನ ಟೊಂಗೆ. ಅದು ಚೌಕಟ್ಟಿನ ಮೂಲೆಯನ್ನು ಕೆಡಿಸುತ್ತಿತ್ತು. ಎರಡು ಹೆಜ್ಜೆ ಎಡಕ್ಕೆ ಸರಿದ. ಈಗ ಬಾವಿ ಕಂಡಿತು, ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಹಾಸುಗಲ್ಲು, ಕಲ್ಲಿನ ಮೇಲೆ ಅವನ ಮನೆಯ ಹಿತ್ತಾಳೆ ಕೊಡ. ಕೊಡದಿಂದ ಇನ್ನೂ ನಾಲ್ಕು ಹೆಜ್ಜೆ ಹಿಂದೆ, ಗೋಡೆಗೆ ಬೆನ್ನು ಹಚ್ಚಿ, ಸಾವಂತ್ರೆವ್ವ.

ಮನೆಯಲ್ಲಿ ನೀರು ಯಾವಾಗಲೂ ತುಂಬಿಯೇ ಇರುತ್ತಿತ್ತು. ಅವನು ಕಾಲೇಜಿಗೆ ಹೋದಾಗ ತುಂಬುತ್ತಿತ್ತು.

ಚನ್ನಬಸವ್ವ ಬಾವಿಯಿಂದ ನೀರು ಸೇದಿ ತಂದಳು. ಬಿಂದಿಗೆಯನ್ನು ಎತ್ತರದಲ್ಲಿ ಹಿಡಿದು ಕೊಡಕ್ಕೆ ಸುರಿದಳು. ನೀರು ಬೀಳುವ ಸಪ್ಪಳ ಲೆನ್ಸಿನಲ್ಲಿ ಇರಲಿಲ್ಲ. ಸುರಿಯುತ್ತಲೇ ಏನೋ ಹೇಳಿದಳು. ಸಾವಂತ್ರೆವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಇಬ್ಬರೂ ನಗುತ್ತಿದ್ದರು. ನಡುವೆ ಆ ನಾಲ್ಕು ಹೆಜ್ಜೆಗಳು ಹಾಗೇ ಇದ್ದವು.

ಕೊಡ ತುಂಬಿತು. ಚನ್ನಬಸವ್ವ ಹಿಂದೆ ಸರಿದಳು. ಸಾವಂತ್ರೆವ್ವ ಮುಂದೆ ಬಂದು ಕೊಡವನ್ನು ಸೊಂಟಕ್ಕೇರಿಸಿದಳು. ಹೊರಟವಳು ನಿಂತಳು. ಬಗ್ಗಿ, ಬಲಗೈಯಲ್ಲಿ ಕೊಡದ ನೀರನ್ನು ಮೊಗೆದು ಹಾಸುಗಲ್ಲಿನ ಮೇಲೆ ಹಾಕಿದಳು. ಅಂಗೈಯಿಂದ ತಿಕ್ಕಿದಳು. ಇನ್ನೊಮ್ಮೆ ಮೊಗೆದು ಹಾಕಿ ತೊಳೆದಳು. ಯಾರೂ ಅವಳಿಗೆ ಹೇಳಲಿಲ್ಲ. ಚನ್ನಬಸವ್ವ ಆ ಕಡೆ ನೋಡಲೂ ಇಲ್ಲ.

ಆಗ ಮುರುಗೆಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಬಂದ. ಸಾವಂತ್ರೆವ್ವ ಗೋಡೆಯ ಕಡೆ ಸರಿದಳು. ಅವನು, ಗಾಡಿ ದಾಟಲಿ ಎಂದು ಜನ ನಿಲ್ಲುವಂತೆ, ನಿಂತ. ಸಿಟ್ಟಿರಲಿಲ್ಲ. ಅವಳು ಹೋದ ಮೇಲೆ ಬಾವಿಗೆ ಹೋದ.

ಮೂವರಿಗೂ ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು ಎಂದು ಗೊತ್ತಿತ್ತು. ಇದು ಇಂದು ನಿನ್ನೆಯದಲ್ಲ. ಬೀಗರು ಗುರುತು ಹಿಡಿಯಲಿಲ್ಲ ಎಂದಾಗ ಮುರುಗೆಪ್ಪ ಏನನ್ನೂ ಕೇಳುತ್ತಿರಲಿಲ್ಲ; ಎಲೆ ಜಗಿಯುವಾಗ ಒಂದು ಆಟ ಆಡುತ್ತಿದ್ದ. ಹದಿನಾಲ್ಕು ತಿಂಗಳು ಉಡಚಪ್ಪ ಬಾಗಿಲಿಗೆ ಬೋರ್ಡು ಹಾಕಿಕೊಂಡು, ಶಾಕಾಹಾರಿ ಎನಿಸಿಕೊಂಡು ಆ ಮನೆಯಲ್ಲಿ ಓಡಾಡಿದ್ದ. ಅವರು ಅದನ್ನು ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು. ಅವನ ಗುಟ್ಟು ಗುಟ್ಟಾಗಿ ಉಳಿದದ್ದು ಅವನೊಬ್ಬನ ಪಾಲಿಗೆ ಮಾತ್ರ. ಅದರ ಬಾಡಿಗೆಯನ್ನು ದಿನಾ ಆ ಕಲ್ಲಿನ ಮೇಲೆ ಅವಳು ತೀರಿಸುತ್ತಿದ್ದಳು.

ಸಿಟ್ಟು ಬರಲಿ ಎಂದು ಕಾದ. ಅದರ ಬದಲು, ಕಲ್ಲು ತೊಳೆಯುವಾಗ ತಾನು ಕ್ಯಾಮೆರಾದ ಗುಂಡಿ ಒತ್ತಿದ್ದು ನೆನಪಾಯಿತು. ಬಿಸಿಲು ಅವಳ ಕೆನ್ನೆಯ ಮೇಲೆ ಚೆನ್ನಾಗಿ ಬಿದ್ದಿತ್ತು. ಬೆರಳು ಅದನ್ನು ಬಿಡಲಿಲ್ಲ.

ಮನೆಗೆ ಬಂದಾಗ ಅವಳು ಚಹಾಕ್ಕೆ ಇಟ್ಟಿದ್ದಳು. ಕೊಡ ತನ್ನ ಜಾಗದಲ್ಲಿ, ತಂಬಿಗೆ ಮುಚ್ಚಿಕೊಂಡು, ಕೂತಿತ್ತು.

"ಹಕ್ಕಿ ಸಿಕ್ಕೇನ್ರಿ?"

"ಒಂದು."

"ಹತ್ತರ ಕಾಣತೇನು?"

"ಭಾಳ ಹತ್ತರ."

ಅವಳು ಬಸಿಯಲ್ಲಿ ಚಹಾ ಕೊಟ್ಟಳು. ಅವನು ಅವಳ ಕೈ ನೋಡಿದ. ಅಂಗೈ ಬೆಳ್ಳಗೆ ನೆನೆದಿತ್ತು. ಬಾಯಿಗೆ ಬಂದದ್ದು ಬೇರೆ ಮಾತು.

"ಪ್ಲಾಟ್ ನೋಡಿ ಬರೂಣೇನು, ಮುಂದಿನ ರವಿವಾರ?"

ಅವಳ ಮುಖ ಗಟ್ಟಿಯಾಯಿತು. "ಯಾಕ್ರಿ? ಯಾರರೆ ಏನರೆ ಅಂದ್ರೇನು?"

"ಇಲ್ಲ."

"ಮತ್ತ?"

"ಸುಮ್ನ ಅಂದೆ. ಲೆನ್ಸಿನ್ಯಾಗ ಫಂಗಸ್ ಐತಿ."

ಅವಳು ಉಸಿರು ಬಿಟ್ಟಳು. "ತೊಳದ್ರ ಹೋಗೂದಿಲ್ಲೇನು?"

"ಒಳಗಿಂದು. ಹೋಗೂದಿಲ್ಲ."

"ಹೊರಗಿನವರಿಗೆ ಕಾಣೂದಿಲ್ಲಂದ್ರ ಇರವಲ್ದ್ಯಾಕ." ಒಲೆಯ ಕಡೆ ತಿರುಗಿದಳು. "ನಿಮಗ ಮನಸ್ಸಿದ್ರ ತಗೋರಿ. ನನ್ನ ಸಲುವಾಗಿ ಬಿಡಬ್ಯಾಡ್ರಿ. ಇಲ್ಲಿ ನಮಗೇನು ಕಡಿಮಿ ಐತಿ."

ತಾನು ನೋಡಿದ್ದು ಅವಳಿಗೆ ಗೊತ್ತಾದರೆ ಅವಳಿಗೆ ಉಳಿಯುವುದೇನು ಎಂದು ಅವನು ಯೋಚಿಸಿದ. ನೋಡಿಲ್ಲ ಎಂದುಕೊಂಡರೆ ತನಗೆ ಉಳಿಯುವುದೇನು. ಚಹಾ ಆರಿತ್ತು. ಕುಡಿದ.

ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿದ. ಟ್ರಂಕಿನಿಂದ ಬ್ಯಾಂಕಿನ ಪುಸ್ತಕದ ನಡುವೆ ಇಟ್ಟಿದ್ದ ರೊಕ್ಕವನ್ನೂ ಜೇಬಿಗೆ ಹಾಕಿಕೊಂಡ. ಎರಡೂ ಜೊತೆಗಿರಲಿ, ಕಮರಿಪೇಟೆ ಮುಟ್ಟುವುದರೊಳಗೆ ಯಾವುದನ್ನು ಕೊಡುವುದೆಂದು ಗೊತ್ತಾಗುತ್ತದೆ.

ಅಂಗಳದಲ್ಲಿ ಮುರುಗೆಪ್ಪ ತಡೆದ.

"ಮಾಸ್ತರ, ನಮಗೂ ಒಂದಿಷ್ಟು ತೋರಸ್ರೆಲಾ. ದುರ್ಬೀನು."

"ದುರ್ಬೀನಲ್ರಿ ಇದು."

"ಏನರ ಇರಲಿ. ಅದನ್ನ ಕಟ್ಟಿ ಮ್ಯಾಲಿಡ್ರಿ, ನಾ ತಗೋತೀನಿ."

ಉಡಚಪ್ಪ ಲೆನ್ಸನ್ನು ಕಟ್ಟೆಯ ಮೇಲಿಟ್ಟು ಕೈ ತೆಗೆದ. ಮುರುಗೆಪ್ಪ ಅದನ್ನು ಟವೆಲ್ಲಿನ ಚುಂಗಿನಿಂದ ಎತ್ತಿ, ತೋಳು ಚಾಚಿ, ಉಡಚಪ್ಪನ ಕಡೆಗೇ ಹಿಡಿದ. ಒಂದು ಕಣ್ಣು ಮುಚ್ಚಿದ.

"ಬರೇ ಮಂಜು."

"ಉಂಗುರ ತಿರುಗಸ್ರಿ."

ತಿರುಗಿಸಿದ. ಬಹಳ ಹೊತ್ತು ನೋಡಿದ. ತುಟಿ ನಗೆಯಾಯಿತು. "ಅಲ್ರಿ, ನೀವು ತಲಿಕೆಳಗ ಕಾಣಾಕತ್ತೀರಿ. ಇಷ್ಟಗಲ. ಒಂದು ಬಟ್ಟಿನಷ್ಟು."

"ಕ್ಯಾಮೆರಾ ಇಲ್ಲದಿದ್ರ ಹಂಗರಿ." ಅವನ ದನಿ ತರಗತಿಯ ದನಿಯಾಗಿತ್ತು. "ಕಾಜಿನ ಗುಣ."

"ಮುಖ ತಿಳಿಯೂದಿಲ್ಲ. ಸ್ವಲ್ಪ ಹಿಂದಕ್ಕ ಸರೀರಿ."

ಉಡಚಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಒಳಗಿನ ಬಾಗಿಲಲ್ಲಿ ಸಾವಂತ್ರೆವ್ವ ಬಂದು ನಿಂತಿದ್ದಳು.

"ಇನ್ನೂ ಸ್ವಲ್ಪ."

ಸರಿದ. ಅಂಗಳ ಮುಗಿಯಿತು. ಕಾಲಿಗೆ ರಸ್ತೆಯ ಜಲ್ಲಿ ಸಿಕ್ಕಿತು. ಜೇಬಿನಲ್ಲಿ ರೊಕ್ಕ ತೊಡೆಗೆ ಒತ್ತುತ್ತಿತ್ತು. ದೂರದಿಂದ, ಕಮರಿಪೇಟೆಯದೋ ಬೇರೆ ಯಾವ ಓಣಿಯದೋ, ಬಾಂಗು ಶುರುವಾಯಿತು.

"ಹಾಂ. ಬರಾಕತ್ತು, ಬರಾಕತ್ತು," ಮುರುಗೆಪ್ಪ ಕಣ್ಣು ತೆಗೆಯದೆ ಎಡಗೈ ಬೀಸುತ್ತ ಹೇಳಿದ. "ಇನ್ನೊಂದೀಟು ದೂರ ಹೋದ್ರ ಛಲೋ ಕಾಣತೀರಿ ನೋಡ್ರಿ."

ಉಡಚಪ್ಪ ಹಿಂದೆ ತಿರುಗಿ ನೋಡದೆ ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟ, ಮತ್ತೊಂದು ಇಟ್ಟ. ಬೀಸುವ ಕೈ ನಿಂತಿರಲಿಲ್ಲ.