ಗೆರೆಯಾಚೆ ಒಂದು ಗೇಣು

ಮಣ್ಣಿನ ಟೆನಿಸ್ ಅಂಕಣವನ್ನು ಒಂದು ವರ್ಷ ಸಂಭಾಳಿಸಲು ಏನು ಖರ್ಚು ಬೀಳುತ್ತದೆ ಎಂದು ಗಿರಿಜಾಬಾಯಿಯನ್ನು ಕೇಳಿದರೆ ಬೆರಳು ಮಡಚದೆಯೇ ಹೇಳುತ್ತಾಳೆ. ಕೆಂಪು ಮುರುಮ ಮಣ್ಣು ಒಂದು ಟ್ರ್ಯಾಕ್ಟರ್, ಮೂರು ಸಾವಿರ. ಸುಣ್ಣದ ಪುಡಿ ತಿಂಗಳಿಗೆರಡು ಚೀಲ, ಚೀಲಕ್ಕೆ ಇನ್ನೂರೈವತ್ತು. ಬೇಸಿಗೆಯಲ್ಲಿ ವಾರಕ್ಕೊಂದು ನೀರಿನ ಟ್ಯಾಂಕರ್, ಆರುನೂರು. ಅವಳ ಪಗಾರ ತಿಂಗಳಿಗೆ ಆರು ಸಾವಿರ. ಇಪ್ಪತ್ತು ವರ್ಷದ ಹಿಂದೆ ಒಂಬತ್ತುನೂರು ಇತ್ತು. ಗೆರೆ ಅಳೆಯುವ ಹಗ್ಗಕ್ಕೆ ಮಾತ್ರ ಬಿಡಿಗಾಸೂ ಖರ್ಚಿರಲಿಲ್ಲ. ಅದು ಅವಳ ಗಂಡ ಮಚ್ಚೇಂದ್ರ ಬಿಟ್ಟುಹೋದದ್ದು.

ಹುಮನಾಬಾದಿನ ಹಳೇ ಕ್ಲಬ್ಬಿನ ಹಿಂದೆ ಇರುವ ಆ ಅಂಕಣವನ್ನು ಮೊದಲು ಮಚ್ಚೇಂದ್ರನೇ ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ ಹುಡಗಿ ಎಂಬ ಹಳ್ಳಿಯಿಂದ ಬಂದು ಅವನ ಹೆಂಡತಿ ಆ ಕೆಲಸ ಹಿಡಿದಳು. ನೆಟ್ಟಿನ ಕಂಬಕ್ಕೆ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಎಳೆದುಕೊಂಡು ಹೋಗಿ, ಅದು ಮುಗಿದಲ್ಲಿ ಹಿಂದಿನ ಗೆರೆ ಹಾಕಬೇಕು. ಆಚೆ ಬದಿಗೂ ಅದೇ ಹಗ್ಗ, ಅದೇ ಅಳತೆ. ಅವಳು ಕೆಲಸಕ್ಕೆ ಸೇರಿದ ವರ್ಷವೇ ಇಲಿ ಹಗ್ಗ ಕಡಿದಿತ್ತು. ಕಡಿದ ಭಾಗ ಕತ್ತರಿಸಿ ಎರಡು ತುಂಡನ್ನೂ ಸೇರಿಸಿ ಗಂಟು ಹಾಕಿದಳು. ಹಗ್ಗ ಒಂದು ಗೇಣು ಗಿಡ್ಡವಾಯಿತು. ಸಂಜೆ ಹೊತ್ತು ಹೊಟ್ಟೆ ಕರಗಿಸಲು ಬರುವ ಸಾಹೇಬರುಗಳಿಗೆ ಒಂದು ಗೇಣು ಯಾವ ಲೆಕ್ಕ ಎಂದು ಸುಮ್ಮನಾದಳು. ಆಮೇಲೆ ಮರೆತೂ ಬಿಟ್ಟಳು. ಎರಡೂ ಬದಿ ಸಮವಾಗಿಯೇ ಇದ್ದುದರಿಂದ ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಎರಡು ವರ್ಷದ ನಂತರ ಬಸವಕಲ್ಯಾಣದ ಬಟ್ಟೆ ಅಂಗಡಿಯ ಓಂಪ್ರಕಾಶ ತನ್ನ ಒಂಬತ್ತು ವರ್ಷದ ಮಗಳು ಅನುರಾಧಾಳನ್ನು ಅಲ್ಲಿಗೆ ಕರೆತಂದ. ಕಲಿಸುವವರು ಕ್ಲಬ್ಬಿನ ಕಾರ್ಯದರ್ಶಿ ಶಂಕರಲಿಂಗ ಮಾಸ್ತರರು, ಹಿಂದೆ ವ್ಯಾಯಾಮದ ಶಿಕ್ಷಕರಾಗಿದ್ದವರು. ಹುಡುಗಿ ಕತ್ತಲಿರುವಾಗಲೇ ಮೊದಲ ಬಸ್ಸಿಗೆ ಬಂದಿಳಿಯುತ್ತಿದ್ದಳು. ಎರಡು ತಾಸು ಆಡಿ, ವಾಪಸು ಬಸವಕಲ್ಯಾಣಕ್ಕೆ ಶಾಲೆಗೆ. ಮಾಸ್ತರರು ಬರುವುದು ಒಂದು ತಾಸು ತಡ. ಅಲ್ಲಿಯವರೆಗೆ ಅಂಕಣದಲ್ಲಿ ಇಬ್ಬರೇ: ಚೆಂಡು ಹೊಡೆಯುವ ಹುಡುಗಿ, ಮೂಲೆಯಲ್ಲಿ ಕಸಬರಿಗೆ ಹಿಡಿದ ಗಿರಿಜಾಬಾಯಿ.

ಗಿರಿಜಾಬಾಯಿಗೆ ಪಾಯಿಂಟಿನ ಲೆಕ್ಕ ತಿಳಿಯದು. ಆದರೆ ಅವಳು ನೆಲ ಓದಬಲ್ಲಳು. ಬ್ಯಾಂಕಿನ ಮ್ಯಾನೇಜರ ಸಾಹೇಬರು ಆಡಿಹೋದರೆ ಅಂಕಣ ಎತ್ತು ಹೊರಳಾಡಿದ ಹಾಗಿರುತ್ತಿತ್ತು. ಈ ಹುಡುಗಿ ಆಡಿಹೋದ ಮೇಲೆ ಗುಡಿಸಲು ಕೆಲಸವೇ ಇರುತ್ತಿರಲಿಲ್ಲ. ನಿಂತಲ್ಲಿ ಎರಡು ಸಣ್ಣ ಕುಳಿ, ಓಡಿದಲ್ಲಿ ತುದಿಗಾಲಿನ ಗುರುತು, ಚೆಂಡು ಬಿದ್ದಲ್ಲಿ ಮಾವಿನ ಓಟೆಯಂಥ ಒಂದೊಂದು ಕಲೆ. ಆ ಕಲೆಗಳೆಲ್ಲ ಗೆರೆಯೊಳಗೆ, ಗೆರೆಗೆ ತಾಗಿಕೊಂಡು.

"ಮಾಸ್ತರ್ರೀ, ಈ ಹುಡುಗಿ ಕಣ್ಣಾಗ ಏನೋ ಅದರಿ," ಎಂದು ಅವಳು ಒಮ್ಮೆ ಹೇಳಿದ್ದಳು.

"ಕಣ್ಣಾಗಲ್ಲ, ಕಾಲಾಗ ಅದ. ನಿನಗ ಅದೆಲ್ಲಾ ಯಾಕ, ನೀರು ಹೊಡಿ," ಎಂದಿದ್ದರು ಮಾಸ್ತರರು.

ಹದಿಮೂರರ ವಯಸ್ಸಿನಲ್ಲಿ ಅನುರಾಧಾ ಧಾರವಾಡದಲ್ಲಿ ಮೊದಲ ಸಲ ರಾಜ್ಯಮಟ್ಟದಲ್ಲಿ ಆಡಿದಳು. ಒಂದೇ ಒಂದು ಗೇಮ್ ಗೆದ್ದು ಸೋತು ಬಂದಳು. ಅದಾದ ಮರುವಾರದಿಂದ ಗಿರಿಜಾಬಾಯಿ ನೆಲದ ಮೇಲೆ ಬೇರೆಯೇ ಒಂದು ಸಂಗತಿ ಕಂಡಳು. ಹುಡುಗಿಯ ಚೆಂಡು ಗೆರೆ ದಾಟಿ ಬೀಳತೊಡಗಿತ್ತು. ಬಹಳ ದೂರವಲ್ಲ, ಗೆರೆಯಾಚೆ ಒಂದು ಗೇಣಿನೊಳಗೆ. ಒಂದೆರಡಲ್ಲ, ಹತ್ತಕ್ಕೆ ಎಂಟು.

ಹುಡುಗಿ ಹೆದರಿದ್ದಾಳೆ, ಕೈ ಕೆಟ್ಟಿದೆ ಎಂದುಕೊಂಡಳು ಗಿರಿಜಾಬಾಯಿ. ಮಾಸ್ತರರು ಕಂಡರೆ ಬಯ್ಯುತ್ತಾರೆ, ಅಪ್ಪನಿಗೆ ಹೇಳುತ್ತಾರೆ, ಅಪ್ಪ ಬಸ್ ಪಾಸು ನಿಲ್ಲಿಸುತ್ತಾನೆ. ಅದಕ್ಕೇ ಮಾಸ್ತರರ ಮೋಟರ್‌ಸೈಕಲ್ ಸಪ್ಪಳ ಕೇಳುವ ಮೊದಲೇ ಆ ಕಲೆಗಳನ್ನೆಲ್ಲ ಗುಡಿಸಿಬಿಡುತ್ತಿದ್ದಳು. ಮಾಸ್ತರರು ಬಂದ ಮೇಲೆ ನೆಟ್ಟಿನ ಹತ್ತಿರದ ಹೊಡೆತಗಳ ಪಾಠವೇ ಹೆಚ್ಚು. ನಾಲ್ಕು ವರ್ಷ ಗುಡಿಸಿದಳು. ಭಾನುವಾರ ಸಂಜೆ ಬ್ಯಾಂಕಿನ ಮ್ಯಾನೇಜರರ ಜೊತೆ ಆಡಿಸಿದರೆ ಹುಡುಗಿ ಸೋಲುತ್ತಿದ್ದಳು. ಸಾಹೇಬರು "ಔಟ್, ಔಟ್" ಎಂದು ಕೂಗುವುದು ರಸ್ತೆಯವರೆಗೂ ಕೇಳುತ್ತಿತ್ತು.

ಸೋಜಿಗವೆಂದರೆ, ಇಲ್ಲಿ ಸೋಲುವ ಹುಡುಗಿ ಹೊರಗೆ ಹೋಗಿ ಗೆದ್ದು ಬರತೊಡಗಿದಳು. ರಾಜ್ಯದ ಕಿರಿಯರ ಪ್ರಶಸ್ತಿ ಬಂತು. ಹದಿನೇಳಕ್ಕೆ ಪುಣೆಗೆ ತರಬೇತಿಗೆ ಹೋದಳು. ಆಮೇಲೆ ನಾಲ್ಕು ಸಲ ದೇಶದ ಚಾಂಪಿಯನ್. ಏಷ್ಯಾದ ಕೂಟದಲ್ಲಿ ಚಿನ್ನ. ಕಾಲಿನ ಶಸ್ತ್ರಚಿಕಿತ್ಸೆಯಾಗಿ ಹನ್ನೊಂದು ತಿಂಗಳು ಮಲಗಿ ಎದ್ದ ಮೇಲೆ ಮತ್ತೆ ಎರಡು ದೇಶಗಳಲ್ಲಿ ಕಪ್. ಈ ವರ್ಷ ಪ್ಯಾರಿಸ್ಸಿನಲ್ಲಿ ಕೊನೆಯ ನಾಲ್ವರಲ್ಲಿ ಒಬ್ಬಳಾದಳು.

ಆ ಆಟವನ್ನು ಗಿರಿಜಾಬಾಯಿ ಮಗ ರತ್ನದೀಪನ ಮೊಬೈಲಿನಲ್ಲಿ ನೋಡಿದ್ದಳು. ಅಲ್ಲಿಯೂ ಕೆಂಪು ಮಣ್ಣು. ಅನುರಾಧಾ ಹೊಡೆದ ಒಂದು ಚೆಂಡಿನ ಬಗ್ಗೆ ತಕರಾರು ಬಂದು, ಎತ್ತರದ ಕುರ್ಚಿಯಲ್ಲಿದ್ದ ತೀರ್ಪುಗಾರ ಕೆಳಗಿಳಿದು, ಬಗ್ಗಿ ನೆಲ ನೋಡಿದ.

"ಒಳಗ ಅದ," ಎಂದಳು ಗಿರಿಜಾಬಾಯಿ. "ಗೆರಿಗಿ ಹತ್ತೇದ, ನೋಡು."

"ನಿನಗ ಹ್ಯಾಂಗ ಕಂಡಿತು, ಅಂವ ಇನ್ನಾ ನೋಡಾಕತ್ಯಾನ," ಎಂದ ರತ್ನದೀಪ.

ಕೆಳಗಿಳಿದವನು ಅಂಗೈಯನ್ನು ನೆಲದ ಕಡೆ ಚಾಚಿ, ಒಳಗೆ ಎಂದು ತೋರಿಸಿದ. ಇಂಥ ಕಣ್ಣಿಗೂ ಜಗತ್ತಿನಲ್ಲಿ ಪಗಾರ ಇದೆಯಲ್ಲ ಎಂದುಕೊಂಡಳು ಗಿರಿಜಾಬಾಯಿ. ಹುಡುಗಿಯ ಕೈ ಪುಣೆಯವರು ತಿದ್ದಿರಬೇಕು ಎಂದೂ ಅಂದುಕೊಂಡಳು.

ಮಳೆಗಾಲ ಕಳೆದ ಮೇಲೆ ಅನುರಾಧಾ ಊರಿಗೆ ಬರುವುದು ಗೊತ್ತಾಯಿತು. ಆ ಅಂಕಣಕ್ಕೆ ಅವಳ ಹೆಸರಿಡುವುದು, ಅಲ್ಲಿ ಹುಡುಗಿಯರ ಜಿಲ್ಲಾ ಪಂದ್ಯಾವಳಿ ನಡೆಸುವುದು ಎಂದು ಕ್ಲಬ್ಬಿನವರು ಗೊತ್ತುಮಾಡಿದರು. ಪಂದ್ಯಾವಳಿಗೆ ಅಳತೆ ಖಾತ್ರಿಯಾಗಬೇಕು. ಅವಳು ಬರುವ ಹಿಂದಿನ ದಿನ ಸರ್ವೆ ಮಾಡುವ ಸಲ್ಮಾನ್ ಉಕ್ಕಿನ ಟೇಪು ಹಿಡಿದು ಬಂದ. ಒಂದು ಬದಿ ಅಳೆದ. ಇನ್ನೊಂದು ಬದಿ ಅಳೆದ. ತಲೆ ಕೆರೆದುಕೊಂಡು ಮತ್ತೆ ಮೊದಲಿನದನ್ನು ಅಳೆದ.

"ಮಾಸ್ತರ್ ಸಾಬ್, ಎರಡೂ ಕಡಿ ಒಂಬತ್ತು ಇಂಚು ಕಮ್ಮಿ ಬರಾಕತ್ತದ."

"ಟೇಪ್ ಬರೊಬ್ಬರಿ ಅದ ಏನು ನಿಂದು?"

"ಟೇಪಿಗಿ ಸುಳ್ಳ ಹೇಳಾಕ ಬರಂಗಿಲ್ರಿ."

ಶಂಕರಲಿಂಗ ಮಾಸ್ತರರು ತಾವೇ ಟೇಪು ಹಿಡಿದು ನೋಡಿದರು. ನಂತರ ಹಗ್ಗ ತರಿಸಿ ಗಂಟು ನೋಡಿದರು.

"ಎಷ್ಟು ವರ್ಷ ಆಯ್ತು ಈ ಗಂಟಿಗಿ?"

"ಇಪ್ಪತ್ತು ಆಗಿರಬೇಕ್ರಿ," ಎಂದಳು ಗಿರಿಜಾಬಾಯಿ.

"ಇಪ್ಪತ್ತು ವರ್ಷ ನಾ ಖೋಟಾ ಗ್ರೌಂಡಿನಾಗ ಹುಡುಗರಿಗಿ ಕಲಿಸೀನಿ," ಎಂದರು ಮಾಸ್ತರರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು. "ಪಂದ್ಯ ಆದಮ್ಯಾಲ ಬ್ಯಾರೆಯವರಿಗಿ ನೋಡತೀವಿ, ಗಿರಿಜಾಬಾಯಿ. ನಿಂದು ಬಾಕಿ ಪಗಾರ ಒಯ್ಯಿ."

ಸಲ್ಮಾನ್ ಹೊಸ ಗೆರೆಗೆ ಗೂಟ ಹೊಡೆದು ಹೋದ. ಗಿರಿಜಾಬಾಯಿ ಸುಣ್ಣ ಹಾಕಿದಳು. ಹಳೇ ಗೆರೆಯನ್ನು ಎಷ್ಟು ಗುಡಿಸಿದರೂ ಮಣ್ಣಿನೊಳಗಿಂದ ಬಿಳುಪು ಕಾಣುತ್ತಲೇ ಇತ್ತು. ಕೆಲಸ ಹೋಗುವುದು ದೊಡ್ಡ ಪೆಟ್ಟೇ. ಆದರೆ ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಮಾತು ಅವಳ ಎದೆಯಲ್ಲಿ ಕೂತಿತು. ಧಾರವಾಡದಲ್ಲಿ ಆ ಹುಡುಗಿ ಸೋತದ್ದು ಇದರಿಂದಲೇ ಇರಬೇಕು. ಗಿಡ್ಡ ಅಂಕಣದಲ್ಲಿ ಕಲಿತವಳ ಚೆಂಡು ದೊಡ್ಡ ಅಂಕಣದಲ್ಲಿ ಗಿಡ್ಡವೇ ಬೀಳುತ್ತದೆ.

ಮರುದಿನ ಅನುರಾಧಾ ಜನ ಸೇರುವ ಮೊದಲೇ, ಬೆಳಗಿನ ಐದೂವರೆಗೆ, ಒಬ್ಬಳೇ ಬಂದಳು. ಇಪ್ಪತ್ತೇಳರ ಹೆಣ್ಣು, ಮಾಸ್ತರರಿಗಿಂತ ಒಂದು ತಲೆ ಎತ್ತರ. ಗಿರಿಜಾಬಾಯಿ ಪೈಪು ಕೆಳಗಿಟ್ಟು, ಕುಶಲ ಕೇಳುವ ಮೊದಲೇ ಹೇಳಿಬಿಟ್ಟಳು.

"ಅವ್ವಾ, ನನ್ನಿಂದ ಗಲತಿ ಆಗೇದ. ಹಗ್ಗಕ್ಕ ಗಂಟು ಹಾಕಿದ್ದೆ. ಗ್ರೌಂಡು ಒಂದು ಗೇಣು ಕಮ್ಮಿ ಇತ್ತು. ಧಾರವಾಡದಾಗ ನೀ ಸೋತಿದ್ದು..."

"ಗೊತ್ತದ, ಮೌಶಿ." ಚಿಕ್ಕಮ್ಮನನ್ನು ಕರೆಯುವ ಹಾಗೆ ಅನುರಾಧಾ ಅವಳನ್ನು ಮೊದಲಿಂದಲೂ ಮೌಶಿ ಎನ್ನುತ್ತಿದ್ದಳು.

"ಮಾಸ್ತರು ಹೇಳಿದ್ರಾ?"

"ರಾತ್ರಿ ಫೋನಿನಾಗ ಎಲ್ಲಾ ಹೇಳಿದ್ರು. ಆದ್ರ ಮಾಸ್ತರಿಗಿ ನಿನ್ನೆ ಗೊತ್ತಾಗ್ಯಾದ. ನನಗ ಹದಿನಾಲ್ಕು ವರ್ಷದಿಂದ ಗೊತ್ತದ." ಅನುರಾಧಾ ಬೂಟಿನ ದಾರ ಬಿಗಿಯುತ್ತ ಹೇಳಿದಳು. "ಧಾರವಾಡದಾಗ ನಂದು ಒಂದು ಚೆಂಡೂ ಉದ್ದ ಬೀಳಲಿಲ್ಲ. ಆ ಹುಡುಗಿ ಮುಂದ ಬಂದು ಬಂದು ಹೊಡೆದಳು. ಮನಿಗಿ ಬಂದು ಅಪ್ಪನ ಅಂಗಡಿದು ಮೀಟರ್ ಕಡ್ಡಿ ಚೀಲದಾಗ ಇಟ್ಕೊಂಡು ಬಂದೆ. ನೀವು ನೀರು ತರಾಕ ಹೋದಾಗ ಅಳೆದೆ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮನ್ನ ಅವತ್ತೇ ತೆಗೀತಿದ್ರು. ಮತ್ತೊಂದು..." ಅನುರಾಧಾ ನಕ್ಕಳು. "ಕಾಣೋ ಗೆರಿಗಿ ಹೊಡೆಯೋದು ಎಲ್ಲರಿಗೂ ಬರತದ. ನಾ ಇಲ್ಲದ ಗೆರಿಗಿ ಹೊಡೆಯೋದು ಕಲಿಯಬೇಕಂದೆ. ಗೆರಿ ಆಚಿ ಒಂದು ಗೇಣು ಬಿಟ್ಟು ಇನ್ನೊಂದು ಗೆರಿ ಅದ ಅಂತ ಮನಸಿನಾಗ ಇಟ್ಕೊಂಡೆ. ಅದಕ್ಕ ಹತ್ತಿಸಿ ಹತ್ತಿಸಿ ಹೊಡೆದೆ. ನಾಲ್ಕು ವರ್ಷ."

ಗಿರಿಜಾಬಾಯಿ ಅಲ್ಲೇ ಕೂತುಬಿಟ್ಟಳು. ಕೈ ಕೆಟ್ಟಿದೆ ಎಂದು ತಾನು ಗುಡಿಸುತ್ತಿದ್ದ ಕಲೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಹತ್ತಕ್ಕೆ ಎಂಟು, ಸಾಲು ಹಿಡಿದಂತೆ. ಇಷ್ಟು ನೆಲ ಓದಿದವಳಿಗೆ ಅದೊಂದು ಓದಲು ಬರಲಿಲ್ಲ.

"ಮತ್ತ ಬ್ಯಾಂಕಿನ ಸಾಹೇಬ್ರು ನಿನಗ ಸೋಲಿಸ್ತಿದ್ರಲ್ಲವ್ವಾ?"

"ಇನ್ನೂ ಹೇಳ್ತಾರಂತ, ನಾ ಆಕಿಗಿ ಆರು-ಎರಡು ಹೊಡೆದೀನಿ ಅಂತ. ಹೇಳ್ಲಿ ಬಿಡ್ರಿ. ಖರೇನ ಸೋತೀನಿ."

ಅಷ್ಟರಲ್ಲಿ ಮಾಸ್ತರರೂ ಅವರ ಹಿಂದೆ ಸಲ್ಮಾನನೂ ಬಂದರು. ಅನುರಾಧಾ ಮಾಸ್ತರರ ಕಾಲಿಗೆ ನಮಸ್ಕರಿಸಿ, ಆಚೆ ಬದಿಯಿಂದ ಚೆಂಡು ಎಸೆಯಲು ಸಲ್ಮಾನನಿಗೆ ಹೇಳಿದಳು. ಒಂದು ಬುಟ್ಟಿ ಚೆಂಡು ಮುಗಿಯುವವರೆಗೆ ಹೊಡೆದಳು. ರಾಕೆಟ್ಟಿನ ಸಪ್ಪಳ ಒಂದೇ ಸಮ ಬರುತ್ತಿತ್ತು, ಬತ್ತ ಕುಟ್ಟಿದ ಹಾಗೆ. ಅವಳು ಗೆರೆಯ ಕಡೆಗೆ ನೋಡುತ್ತಲೇ ಇರಲಿಲ್ಲ.

ಮುಗಿದ ಮೇಲೆ ಗಿರಿಜಾಬಾಯಿ ಎದ್ದು ಆಚೆ ಬದಿಗೆ ನಡೆದಳು. ಬಗ್ಗಿ ನೋಡಿದಳು. ಮಾಸ್ತರರೂ ಬಂದು ಪಕ್ಕದಲ್ಲಿ ಬಗ್ಗಿದರು. ಹಳೇ ಗೆರೆಯ ಬಿಳುಪಿಗೂ ಹೊಸ ಗೆರೆಗೂ ನಡುವೆ ಇದ್ದ ಆ ಒಂದು ಗೇಣಿನ ಪಟ್ಟಿಯಲ್ಲಿ ಮೂವತ್ತಕ್ಕೂ ಹೆಚ್ಚು ಕಲೆಗಳಿದ್ದವು. ಹನ್ನೆರಡು ಚೆಂಡು ಹೊಸ ಸುಣ್ಣ ಹತ್ತಿಸಿಕೊಂಡಿದ್ದವು. ಅದರಾಚೆ ಮಣ್ಣು ಬೆಳಿಗ್ಗೆ ನೀರು ಹೊಡೆದಾಗ ಇದ್ದಂತೆಯೇ ಇತ್ತು. ಒಂದೇ ಒಂದು ಗುರುತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಆ ಮನುಷ್ಯ ಬಗ್ಗಿ ನೋಡಿದ್ದು ಇದನ್ನೇ ಎಂದು ಗಿರಿಜಾಬಾಯಿಗೆ ಹೊಳೆಯಿತು. ದೊಡ್ಡ ದೊಡ್ಡ ಊರುಗಳಲ್ಲಿ ಜನ ಎದ್ದುನಿಂತು ಚಪ್ಪಾಳೆ ಹೊಡೆದ ಕೈಯನ್ನು ತಾನು ನಾಲ್ಕು ವರ್ಷ ದಿನಾಲೂ ಕಂಡಿದ್ದಳು, ಗುರುತಿಸಿರಲಿಲ್ಲ.

ಮಾಸ್ತರರು ಒಂದು ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದನ್ನ ನಾ ಕಲಿಸಿಲ್ಲ," ಎಂದರು.

"ನೀವ ಕಲಿಸೀರಿ, ಮಾಸ್ತರ್. ಜಾಗಾ ಮೌಶಿ ಕೊಟ್ಟಾರ," ಎಂದಳು ಅನುರಾಧಾ.

"ಹಂಗ ಹಾರಿಸಿ ಮಾತಾಡಬ್ಯಾಡವ್ವಾ. ನಿಂದೇನು ಹೋಗೇದ, ಅದೂ ಹೇಳು," ಎಂದಳು ಗಿರಿಜಾಬಾಯಿ.

ಅನುರಾಧಾ ರಾಕೆಟ್ಟನ್ನು ಚೀಲಕ್ಕೆ ಹಾಕಿ ಹೇಳಿದಳು. "ಒಂದು ವರ್ಷ ಹೋಗೇದ. ಧಾರವಾಡದಾಗ ಗೆದ್ದಿದ್ರ ಆ ವರ್ಷ ರಾಜ್ಯದ ಶಿಬಿರಕ್ಕ ಹೋಗತಿದ್ದೆ. ಹೋದವಳು ನನಗ ಸೋಲಿಸಿದಾಕಿ. ಅದು ಖರೇ. ನಾ ಸುಳ್ಳ ಹೇಳಂಗಿಲ್ಲ."

ಗಿರಿಜಾಬಾಯಿ ತಲೆಯಾಡಿಸಿದಳು. ಅದನ್ನು ಕೇಳಿದ ಮೇಲೆ ಅವಳಿಗೆ ಉಸಿರಾಡಲು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸಲ್ಮಾನನ ಕಡೆ ತಿರುಗಿದಳು.

"ಆ ಟೇಪ್ ಹ್ಯಾಂಗ ಓದ್ತಾರ, ಕಲಿಸಪ್ಪಾ. ಹೋಗೋ ಮೊದಲ ಒಂದು ಸಲ ಬರೊಬ್ಬರಿ ಗೆರಿ ಹಾಕತೀನಿ."

"ಅಂಕಿ ಬರತಾವ ಅಮ್ಮಾ ನಿಮಗ?"

"ರೊಕ್ಕದ ಮ್ಯಾಲಿನ ಅಂಕಿ ಬರತಾವ. ಅವೇ ಅಲ್ಲೇನು ಇವು?"

ಸಲ್ಮಾನ್ ನಕ್ಕು ಟೇಪು ಕೊಟ್ಟ. ಅವಳು ಎರಡೂ ಬದಿಯನ್ನು ಅಳೆದಳು, ಮಾಸ್ತರರು ನೋಡುತ್ತ ನಿಂತರು. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಮುಂಜಾನಿ ಐದಕ್ಕ ಬಂದು ನೀರು ಹೊಡೆಯೋ ಬ್ಯಾರೆಯವರು ನಿಮಗ ಸಿಕ್ಕಾರೇನ್ರಿ ಮಾಸ್ತರ್?" ಎಂದು ಕೇಳಿದಳು ಅನುರಾಧಾ.

ಮಾಸ್ತರರು ಕನ್ನಡಕ ಒರೆಸಿಕೊಂಡರು. "ಎಲ್ಲಿ ಸಿಗತಾರ," ಎಂದರು. ನಂತರ ಗಿರಿಜಾಬಾಯಿಯ ಕಡೆಗೆ, "ಆ ಹಗ್ಗ ಒಲಿಗಿ ಹಾಕು," ಎಂದರು.

ಒಂದು ಗೇಣಿಗೆ ಅನುರಾಧಾಳ ಒಂದು ವರ್ಷ ಹೋಗಿತ್ತು. ಅದು ವಾಪಸು ಬರುವಂಥದ್ದಲ್ಲ. ಗಿರಿಜಾಬಾಯಿಯ ಕೆಲಸ ಉಳಿಯಿತು.