ಓಣಿ ಕಾಣದ ಫೈನಲ್

ದೊಡ್ಡ ಪಂದ್ಯವಿದ್ದ ದಿನ ಪುಣೆಯ ಪಕ್ಕದ ಪಿಂಪ್ರಿಯಲ್ಲಿ, ದುಡಿಯಲು ಬಂದ ಕನ್ನಡದವರ ನಮ್ಮ ಓಣಿಯಲ್ಲಿ ನಮ್ಮ ಮನೆಯ ಟಿವಿ ಹೊಸ್ತಿಲಿಗೆ ಬರುತ್ತಿತ್ತು. ತಗಡಿನ ಮೇಲೆ ಪುಕ್ಕಟೆ ಡಿಶ್, ಕೆಳಗೆ ಚಾಪೆ, ನಲವತ್ತು ಜನ. ಪಂದ್ಯ ಮುಗಿದ ಮೇಲೆ ಓಣಿಗೆಲ್ಲ ಮುತ್ಯಾ ಆದ ಮುದುಕ ಅವ್ವಣ್ಣ ನೀರಿನ ಟಾಕಿಯ ಗೋಡೆಗೆ ಇದ್ದಲಿಯಿಂದ ಅಂಕ ಬರೆಯುವನು. ಇಪ್ಪತ್ತು ವರ್ಷದ ಕ್ರಿಕೆಟ್ಟು, ಹಾಕಿ, ಕಬಡ್ಡಿ ಎಲ್ಲ ಆ ಗೋಡೆಯ ಮೇಲಿದೆ. ಅವನದೊಂದೇ ನೇಮ: ಓಣಿ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುವುದು.

ಈ ಸಲ ಕಬಡ್ಡಿ ಫೈನಲ್ ಆಡುವವಳು ನಮ್ಮದೇ ಓಣಿಯ ದುರ್ಗಾ. ಅವಳವ್ವ ಮರೆಮ್ಮ ಕಟ್ಟಡದ ಕೆಲಸದವಳು. ಮಗಳು ದೇಶದ ಅಂಗಿ ತೊಟ್ಟು ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಅಂದು ಕೆಲಸ ಬೇಗ ಬಿಟ್ಟು ಬಂದು, ಮೈಮೇಲಿನ ಸಿಮೆಂಟು ತೊಳೆದುಕೊಂಡು, ಎಲ್ಲರಿಗಿಂತ ಮುಂದೆ ಕೂತಳು.

ಡಿಶ್ಶಿನಲ್ಲಿ ಪಂದ್ಯವೇ ಇಲ್ಲ. ಯಾವುದೋ ಕಂಪನಿ ಪಂದ್ಯ ತೋರಿಸುವ ಹಕ್ಕು ಕೊಂಡಿದೆಯಂತೆ. ಅದರ ಆ್ಯಪಿನಲ್ಲಿ ಮಾತ್ರ. ಅವಸರದಲ್ಲಿ ನಾನು ಎಲ್ಲಕ್ಕಿಂತ ಅಗ್ಗದ ಪ್ಲಾನ್ ಹಾಕಿಸಿದೆ. ಫೋನನ್ನು ಟಿವಿಗೆ ಜೋಡಿಸಿದರೆ ಪರದೆ ಕಪ್ಪು. ಆ ಪ್ಲಾನ್ ಮೊಬೈಲಿಗಷ್ಟೇ ಎಂದು ನಾನು ಓದಿರಲಿಲ್ಲ.

"ಹುಡುಗಿ ನಮ್ಮಕಿ, ದೇಶ ನಮ್ದು, ಹಕ್ಕು ಮಾತ್ರ ಯಾವನ್ದೋ!" ಪಕ್ಕದ ಮನೆಯ ಧರ್ಮರಾಜ ಕೂಗಿದ. "ಆಕಿ ಈ ಮಣ್ಣಾಗ ಮೊಣಕಾಲು ಕೆತ್ತಿಕೊಂಡಾಗ ಯಾವ ಕಂಪನಿ ಬಂದಿತ್ತು?"

"ಭಾಷಣ ಆಮ್ಯಾಲ ಮಾಡಪಾ ಸಾಹೇಬಾ," ಎಂದಳು ನನ್ನ ಹೆಂಡತಿ ಸಾಬವ್ವ. "ಮೊದ್ಲ ಮರೆಮ್ಮಕ್ಕಗ ಫೋನ್ ಕೊಡ್ರಿ."

ಅಂಗೈಯಷ್ಟು ಫೋನು, ಅದರ ಮೇಲೆ ಬಾಗಿದ ನಲವತ್ತು ತಲೆ. ಮರೆಮ್ಮ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ನೀಲಿ ಚುಕ್ಕೆ, ಕೆಂಪು ಚುಕ್ಕೆ.

"ಯಣ್ಣಾ, ಇದರಾಗ ನನ್ನ ಕೂಸು ಯಾವಕಿ?"

ತೋರಿಸಲೆಂದು ಬೆರಳಿಟ್ಟೆ. ಬೆರಳೇ ಹುಡುಗಿಯನ್ನು ಮುಚ್ಚಿತು. ತೆಗೆಯುವಷ್ಟರಲ್ಲಿ ಚಿತ್ರ ನಿಂತು ಚಕ್ರ ತಿರುಗತೊಡಗಿತು. ಚಿತ್ರ ಮತ್ತೆ ಚಲಿಸಿದಾಗ ಪಂದ್ಯ ಮುಗಿದು ನಮ್ಮ ಹುಡುಗಿಯರು ತಬ್ಬಿಕೊಂಡು ಅಳುತ್ತಿದ್ದರು. ಗೆದ್ದಿದ್ದರು.

ಸ್ವಲ್ಪ ಹೊತ್ತಿಗೆ ದುರ್ಗಾಳದೇ ಫೋನು. "ಯವ್ವಾ, ನೋಡಿದೇನ? ಕಡೀ ರೈಡ್ ನಂದ! ಮುತ್ಯಾ ಗೋಡಿ ಮ್ಯಾಲ ಬರದನೇನ?"

ಮರೆಮ್ಮ ಫೋನು ಕಿವಿಗಿಟ್ಟುಕೊಂಡೇ ಅವ್ವಣ್ಣನತ್ತ ನೋಡಿದಳು.

ಮುದುಕ ಇದ್ದಲಿ ಹಿಡಿದು ಗೋಡೆಯ ಬಳಿ ಹೋದ. ಅಂಕ ಬರೆಯಲಿಲ್ಲ. "ದುರ್ಗಾ ಆಡಿದಳು. ಅವಳವ್ವಗೆ ತೋರಿಸಲಿಲ್ಲ," ಎಂದು ಬರೆದ.

ಓದು ಬಾರದ ಮರೆಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿದಳು.

"ಇನ್ನಷ್ಟು ದಪ್ಪ ಬರೀ, ಮುತ್ಯಾ," ಎಂದಳು. "ರೋಡಿಗೆ ಕಾಣ್ಲಿ."