ಮಿಲ್ಬರ್ನಿನ ಗೇಟಿನಲ್ಲಿ ಬಲಗಾಲು

ಶನಿವಾರ ಬಂತೆಂದರೆ ನಮ್ಮಮ್ಮ ಅಲಮೇಲು ಬೆಳಿಗ್ಗೆಯೇ ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬುತ್ತಿದ್ದಳು. ದೇವಸ್ಥಾನಕ್ಕಲ್ಲ, ಕುದುರೆ ಜೂಜಿಗೆ! ವಾಷಿಂಗ್ಟನ್ನಿಂದ ಒಂದೂವರೆ ಗಂಟೆ ದಾರಿ, ಮಿಲ್ಬರ್ನ್ ಎಂಬ ಪುಟ್ಟ ಊರಿನ ರೇಸ್ ಮೈದಾನ. ನನ್ನ ತಮ್ಮ ಗೋಪಿನಾಥ ಕಂಪ್ಯೂಟರ್ ಇಂಜಿನಿಯರು. ಯಾವ ಕುದುರೆ ಯಾವಾಗ ಹೇಗೆ ಓಡಿತೆಂದು ವಾರವೆಲ್ಲ ಲೆಕ್ಕ ಹಾಕುತ್ತಿದ್ದ. ಅಷ್ಟೆಲ್ಲ ಮಾಡಿ ಜೂಜಿನ ಟಿಕೆಟ್ ಕೊಳ್ಳುತ್ತಿದ್ದದ್ದು ಮಾತ್ರ ಹೆಂಡತಿ ಗೇಟಿನೊಳಗೆ ಬಲಗಾಲಿಟ್ಟ ಮೇಲೆ. ಇಂಥ ಬುದ್ಧಿವಂತಿಕೆಗೆ ಏನನ್ನೋಣ?

ಇದಕ್ಕೆ ಬೀಜ ಹಾಕಿದವಳು ನಾನೇ. ೧೯೯೨ರಲ್ಲಿ ತಮ್ಮನ ಹೆಂಡತಿ ಮೈಥಿಲಿ ಮದುವೆಯಾಗಿ ಬಂದಾಗ ಅಪಾರ್ಟ್‌ಮೆಂಟಿನ ಹೊಸಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟಿದ್ದೆ. ಅವಳು ಒದ್ದು ಒಳಗೆ ಬಂದಾಗ "ಲಕ್ಷ್ಮಿಯ ಕಾಲು!" ಎಂದು ಕೂಗಿದ್ದೆ. ಅದೇ ವಾರ ತಮ್ಮ ಹಣ ಕಟ್ಟಿದ ಕುದುರೆ ಗೆದ್ದಿತು. ಅಂದಿನಿಂದ ಮೈದಾನದ ಗೇಟಿನಲ್ಲೂ ಅವಳ ಬಲಗಾಲೇ ಮೊದಲು. ಆಮೇಲೆ ಸಾಲಾಗಿ ಸೋಲು.

"ಕಾಲ್ಗುಣ ಸರಿ ಇಲ್ಲ ಕಣೋ ಇವಳದ್ದು. ಒಳಗೆ ಬರೋದೇ ಬೇಡ," ಅಂದಳು ಅಮ್ಮ.

"ಕಾರಲ್ಲೇ ವೇಟ್ ಮಾಡು ಮೈಥಿಲಿ, ನಾಲ್ಕೇ ರೇಸು," ಅಂದ ಗೋಪಿ.

ಮನೆಯಲ್ಲೇ ಬಿಟ್ಟು ಬರಬಹುದಿತ್ತಲ್ಲ? ಊಹೂಂ, ದಾರಿಯುದ್ದಕ್ಕೂ ಇವನು ಕುದುರೆಗಳ ಪಟ್ಟಿ ಓದಬೇಕು, ಡ್ರೈವ್ ಮಾಡಲು ಅವಳು ಬೇಕು!

ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದ ಅಜ್ಜನೊಬ್ಬ ಅವಳಿಗೆ ನೀರು ತಂದುಕೊಡುತ್ತಿದ್ದ. ಮೈದಾನದ ಕಥೆಯನ್ನೆಲ್ಲ ಅವಳಿಗೆ ಹೇಳಿದವನೂ ಅವನೇ. ೧೯೩೧ರಲ್ಲಿ ಊರಿನ ರೈತರು ಜೋಳದ ಹೊಲ ಸಮ ಮಾಡಿ ಕಟ್ಟಿದ್ದಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಓಟ ನಿಂತು ಲಾಯಗಳಲ್ಲಿ ಬರೀ ಹುಲ್ಲು. ಆಮೇಲೆ ವಾಷಿಂಗ್ಟನ್ನಿಂದ ಬಸ್ಸುಗಟ್ಟಲೆ ಜನ. ಲಾಟರಿ ಬಂದ ಮೇಲೆ ಜನ ಕರಗಿದರು, ಒಳ್ಳೆಯ ಕುದುರೆಗಳು ದೊಡ್ಡ ಊರುಗಳಿಗೆ ಹೋದವು, ಗ್ಯಾಲರಿಯ ಛಾವಣಿ ಸೋರತೊಡಗಿತು.

೧೯೯೪ರ ಜುಲೈ. ಎಂಟು ತಿಂಗಳ ಬಸುರಿ ಮೈಥಿಲಿ ಆ ಸುಡುವ ಕಾರಿನಲ್ಲಿ ಪ್ರಜ್ಞೆ ತಪ್ಪಿದಳು. ಆಂಬುಲೆನ್ಸ್ ಕರೆಸಿದವನು ಅದೇ ಅಜ್ಜ. ಒಳಗೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು, ನಮ್ಮ ಕುದುರೆ ಗೆದ್ದಿತ್ತು. ದಿನ ತುಂಬದೆ ಹುಟ್ಟಿದ ಮಗಳು ನಿಧಿ ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದಳು.

"ಮಗು ಕಾಲ್ಗುಣ ನೋಡ್ರೇ, ಹುಟ್ತಾ ಹುಟ್ತಾನೇ ಗೆಲ್ಲಿಸ್ತು!" ಅಂದಳು ಅಮ್ಮ, ಆಸ್ಪತ್ರೆಯಲ್ಲೇ. ನಾನೂ ನಕ್ಕೆನಲ್ಲ, ಥೂ!

ಎರಡು ವರ್ಷದ ಮೇಲೆ ಮೈದಾನವನ್ನೇ ಮುಚ್ಚುತ್ತಾರೆಂದು ಗೊತ್ತಾಯಿತು. ಕೊನೆಯ ಓಟದ ದಿನ ನಾನು ನನ್ನ ಕಾರಿನಲ್ಲೇ ಹೋಗಿದ್ದೆ. ಗೇಟಿನ ಮುಂದೆ ಗೋಪಿ ಮಗುವಿನ ಬೂಟು, ಕಾಲುಚೀಲ ಬಿಚ್ಚುತ್ತಿದ್ದ.

"ತಾಯಿ ಕಾಲಿಟ್ಟಿದ್ದಕ್ಕೆ ಮೈದಾನಾನೇ ಮುಳುಗಿಹೋಯ್ತು," ಅಂದಳು ಅಮ್ಮ. "ಕೊನೇ ದಿನಾನಾದ್ರೂ ಮಗಳ ಬಲಗಾಲು ಮೊದಲು ಬೀಳಲಿ."

ಮೈಥಿಲಿ ಮಗುವನ್ನು ಕಿತ್ತುಕೊಂಡಳು. "ಈ ಮೈದಾನ ಶುರುವಾದಾಗ ನಮ್ಮಮ್ಮನೇ ಹುಟ್ಟಿರಲಿಲ್ಲ ಅತ್ತೆ. ಯುದ್ಧದಲ್ಲಿ ಮುಚ್ಚಿದ್ದರಲ್ಲ, ಅದು ಯಾರ ಕಾಲ್ಗುಣ? ಛಾವಣಿ ಸೋರಿದ್ದು ಯಾರ ಕಾಲ್ಗುಣ?"

"ಸೀನ್ ಮಾಡಬೇಡ, ಪ್ಲೀಸ್," ಅಂದ ಗೋಪಿ. "ಒಂದೇ ಒಂದು ಸಲ."

"ಇವತ್ತು ಗೆದ್ದರೆ ಇವಳನ್ನ ಇನ್ನೊಂದು ಮೈದಾನಕ್ಕೆ ಎತ್ಕೊಂಡು ಹೋಗ್ತೀರಿ. ಸೋತ ದಿನ ಇವಳೂ ಕಾರಲ್ಲಿ ಕೂರಬೇಕು, ಅಲ್ವಾ? ನನ್ನ ಮಗಳ ಕಾಲು ನಡೆಯೋಕೆ ಇರೋದು."

ಮಗುವಿಗೆ ಬೂಟು ತೊಡಿಸಿ ನನ್ನ ಕಡೆ ತಿರುಗಿದಳು. "ಅಕ್ಕ, ಬರ್ತೀರಾ?"

ನಾನು ಪುಳಿಯೋಗರೆ ಡಬ್ಬಿ ಹಿಡಿದು ಅಮ್ಮನ ಪಕ್ಕಕ್ಕೆ ಸರಿದೆ. ಅಮ್ಮನನ್ನು ಬಿಟ್ಟು ಹೇಗೆ ಹೋಗಲಿ ಎಂದುಕೊಂಡೆ. ಅವರ ಕಾರಿನ ಕೀ ಯಾವಾಗಲೂ ಮೈಥಿಲಿಯ ಕೈಯಲ್ಲೇ ಇರುತ್ತಿತ್ತು, ಅದು ಯಾರಿಗೂ ನೆನಪಿರಲಿಲ್ಲ. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹೊರಟೇಹೋದಳು. ಅಜ್ಜ ಕೈಬೀಸಿ ದಾರಿ ಬಿಡಿಸಿಕೊಟ್ಟ.

"ಪೀಡೆ ತೊಲಗಿತು, ಇನ್ನು ಗೆಲ್ತೀಯ ನೋಡು," ಅಂದಳು ಅಮ್ಮ. ಗೋಪಿ ಒಂದು ಕುದುರೆಯ ಮೇಲೆ ಹಣ ಕಟ್ಟಿದ. ಅದು ಎಲ್ಲಕ್ಕಿಂತ ಕೊನೆಗೆ ಬಂತು.

"ಹೋಗುವಾಗ ಎಡಗಾಲು ಮುಂದಿಟ್ಟು ಹೋದಳು, ನಾನು ನೋಡಿದೆ," ಅಂದಳು ಅಮ್ಮ. ಗೋಪಿ ಹೌದೆಂದು ತಲೆ ಆಡಿಸಿದ.

ಮೈಥಿಲಿ ಆ ಮನೆಗೆ ಮತ್ತೆ ಬರಲಿಲ್ಲ. ಅವಳು ಕರೆದಾಗ ನಾನು ಹೋಗಲಿಲ್ಲವಲ್ಲ, ಅದಕ್ಕೆ ಯಾರ ಕಾಲ್ಗುಣವೂ ಕಾರಣವಲ್ಲ.